ಡಬ್ಬಿಗಿಂತ ಮೊದಲು ಡೈ

ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಹೊಸ ಉತ್ಪನ್ನಗಳ ಕಂಪನಿ ಕಟ್ಟಲು ಹೊರಟಿರುವ ಗೆಳೆಯ ಗೆಳತಿಯರಿಗೆ,



ನಿಮ್ಮಲ್ಲಿ ಹಲವರ ಮೇಜಿನ ಮೇಲೆ ಈಗ ತ್ರೀಡಿ ಪ್ರಿಂಟರಿನಿಂದ ಇಳಿದ ಒಂದು ಡಬ್ಬಿ ಕೂತಿರುತ್ತದೆ. ಒಳಗೆ ಸರ್ಕ್ಯೂಟ್ ಬೋರ್ಡ್ ಕೆಲಸ ಮಾಡುತ್ತಿದೆ, ಆ್ಯಪ್ ಓಡುತ್ತಿದೆ, ಹೂಡಿಕೆದಾರರಿಗೆ ತೋರಿಸಿಯೂ ಆಗಿದೆ. ಇನ್ನು ಇದನ್ನೇ ಪ್ಲಾಸ್ಟಿಕ್‌ನಲ್ಲಿ ಸಾವಿರಗಟ್ಟಲೆ ಒತ್ತಿಸಿದರೆ ಮುಗಿಯಿತು ಎಂಬ ಲೆಕ್ಕ. ಆ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬೆಂಗಳೂರಿನ ಪೀಣ್ಯದಲ್ಲೋ ಕಾಮಾಕ್ಷಿಪಾಳ್ಯದಲ್ಲೋ ಡೈ, ಅಂದರೆ ಉಕ್ಕಿನ ಅಚ್ಚು, ಮಾಡುವ ಒಂದು ಟೂಲ್‌ರೂಮಿಗೆ ಹೋದರೆ, ಅಲ್ಲಿನ ಹಿರಿಯ ಡೈ ಮೇಕರ್ ಅದನ್ನು ಪರದೆಯ ಮೇಲೆ ಎರಡು ಸುತ್ತು ತಿರುಗಿಸಿ ನೋಡುತ್ತಾರೆ. ಮೊದಲ ಪ್ರಶ್ನೆ: "ಎಷ್ಟು ಪೀಸ್ ಬೇಕು ಸಾರ್?" ಎರಡನೆಯದು: "ಮೆಟೀರಿಯಲ್ ಯಾವುದು?" ಮೂರನೆಯದು ಪ್ರಶ್ನೆಯಲ್ಲ, ತೀರ್ಪು: "ಇದು ಡೈಯಿಂದ ಆಚೆ ಬರಲ್ಲ."

ಈ ಪತ್ರ ಆ ತೀರ್ಪಿನ ಬಗ್ಗೆ. ಕಾಲೇಜಿನಲ್ಲಿ ಕ್ಯಾಡ್ ಕಲಿಸುತ್ತಾರೆ, ಪ್ರಿಂಟರ್ ಕೈಗೆಟುಕುವ ಬೆಲೆಗೆ ಸಿಗುತ್ತದೆ. ಉಕ್ಕಿನ ಎರಡು ದಿಮ್ಮಿಗಳ ನಡುವೆ ಕರಗಿದ ಪ್ಲಾಸ್ಟಿಕ್ ಹೇಗೆ ನಡೆದುಕೊಳ್ಳುತ್ತದೆ ಎಂದು ತೋರಿಸುವವರು ಕಡಿಮೆ. ಪ್ರಿಂಟರ್ ಪದರದ ಮೇಲೆ ಪದರ ಹಾಕುತ್ತದೆ, ಅದಕ್ಕೆ ಬಹುತೇಕ ಯಾವ ಆಕಾರವಾದರೂ ನಡೆಯುತ್ತದೆ. ಡೈ ಮಾತ್ರ ತೆರೆಯಬೇಕು, ಒಳಗಿನದನ್ನು ಬಿಟ್ಟುಕೊಡಬೇಕು, ಮತ್ತೆ ಮುಚ್ಚಬೇಕು, ಇದನ್ನೇ ಲಕ್ಷ ಸಲ ಮಾಡಬೇಕು. ಯಾವ ಬಗೆಯ ಡೈ ಎಂಬುದನ್ನು ಡ್ರಾಯಿಂಗ್ ಶುರುವಾಗುವಾಗಲೇ ತೀರ್ಮಾನಿಸಿಕೊಂಡವರ ಹಣ ಉಳಿಯುತ್ತದೆ. ಡ್ರಾಯಿಂಗ್ ಮುಗಿಸಿ ಡೈ ಹುಡುಕಿದವರು ಎರಡು ಸಲ ಕೊಡುತ್ತಾರೆ.

ಅದಕ್ಕೂ ಮುಂಚಿನ ಪ್ರಶ್ನೆ ಒಂದಿದೆ. ಪ್ಲಾಸ್ಟಿಕ್ ಎಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಇಂಜೆಕ್ಷನ್ ಮೋಲ್ಡಿಂಗ್, ಅಂದರೆ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ಡೈಯೊಳಗೆ ತುಂಬುವ ವಿಧಾನ. ನಿಮ್ಮ ವಸ್ತುವಿಗೆ ಅದೇ ಬೇಕೆ?

ಮನೆಯ ತಾರಸಿಯ ಮೇಲಿನ ಕಪ್ಪು ನೀರಿನ ಟ್ಯಾಂಕನ್ನು ನೋಡಿ. ಗುಜರಾತಿನ ಕಲೋಲ್‌ನಲ್ಲಿದ್ದ ಭಾರತ್ ವಿಜಯ್ ಮಿಲ್ಸ್ ಎಂಬ ಬಟ್ಟೆ ಗಿರಣಿಯ ಪ್ಲಾಸ್ಟಿಕ್ ವಿಭಾಗ 1975ರಲ್ಲಿ ಸಿಂಟೆಕ್ಸ್ ಹೆಸರಿನಲ್ಲಿ ಇಂಥ ಟ್ಯಾಂಕನ್ನು ಮಾರುಕಟ್ಟೆಗೆ ತಂದಿತು; ಈಗ ಯಾವ ಕಂಪನಿಯ ಟ್ಯಾಂಕಾದರೂ ಜನ ಅದನ್ನು ಸಿಂಟೆಕ್ಸ್ ಎಂದೇ ಕರೆಯುತ್ತಾರೆ. ಸಾವಿರ ಲೀಟರಿನ ಟೊಳ್ಳು ವಸ್ತುವಿಗೆ ಇಂಜೆಕ್ಷನ್ ಡೈ ಮಾಡಿಸಲು ಹೊರಟರೆ ಗಿರಣಿಯನ್ನೇ ಮಾರಬೇಕಾಗುತ್ತದೆ. ಇದರ ದಾರಿ ಬೇರೆ, ಹೆಸರು ರೊಟೇಷನಲ್ ಮೋಲ್ಡಿಂಗ್, ಶಾಪ್ ಭಾಷೆಯಲ್ಲಿ ರೋಟೊ. ಉಕ್ಕಿನ ತಗಡನ್ನು ಬಾಗಿಸಿ ವೆಲ್ಡ್ ಮಾಡಿದ ಟೊಳ್ಳು ಅಚ್ಚು, ಅದರೊಳಗೆ ತೂಗಿ ಹಾಕಿದ ಪಾಲಿಥಿಲೀನ್ ಪುಡಿ. ಅಚ್ಚನ್ನು ಬೆಂಕಿಯ ಮೇಲೆ ಅಥವಾ ಒಲೆಯೊಳಗೆ ಎರಡು ದಿಕ್ಕಿನಲ್ಲಿ ನಿಧಾನವಾಗಿ ಉರುಳಿಸುತ್ತಾ ಕಾಯಿಸಿದರೆ ಪುಡಿ ಕರಗಿ ಒಳಮೈಗೆ ಅಂಟಿಕೊಳ್ಳುತ್ತದೆ. ಉರುಳಿಸುತ್ತಲೇ ಆರಿಸಿ, ಬೋಲ್ಟು ಬಿಚ್ಚಿ ತೆಗೆಯುವುದು. ಒತ್ತಡ ಎಂಬುದೇ ಇಲ್ಲ, ಹಾಗಾಗಿ ಅಚ್ಚು ತೆಳುವಾಗಿದ್ದರೂ ನಡೆಯುತ್ತದೆ, ಅಗ್ಗವಾಗುತ್ತದೆ. ಬದಲಿಗೆ ಒಂದೊಂದು ಸುತ್ತಿಗೂ ಅರ್ಧ ಗಂಟೆಯೇ ಹಿಡಿಯಬಹುದು, ಅಳತೆ ಹೊರಮೈಯಲ್ಲಿ ಮಾತ್ರ ಸರಿ ಸಿಗುತ್ತದೆ, ಮೆಟೀರಿಯಲ್ಲಿನ ಆಯ್ಕೆಯೂ ಕಡಿಮೆ. ತಿಂಗಳಿಗೆ ನೂರಿನ್ನೂರು ದೊಡ್ಡ ಪೆಟ್ಟಿಗೆ, ದೋಣಿ, ಕಸದ ತೊಟ್ಟಿ, ಮಕ್ಕಳ ಜಾರುಬಂಡೆ ಮಾಡುವವರು ಇಂಜೆಕ್ಷನ್ ಕನಸು ಬಿಟ್ಟು ಇಲ್ಲಿಗೆ ಬರುವುದು ಒಳ್ಳೆಯದು.

ಬಾಟಲಿ, ಕ್ಯಾನ್‌ಗಳದ್ದು ಬ್ಲೋ ಮೋಲ್ಡಿಂಗ್. ಮನೆಯಲ್ಲಿರುವ ಐದು ಲೀಟರಿನ ಫಿನೈಲ್ ಅಥವಾ ಎಣ್ಣೆಯ ಕ್ಯಾನನ್ನು ಮಗುಚಿದರೆ ತಳದಲ್ಲಿ ಉದ್ದಕ್ಕೆ ಒಂದು ಗೆರೆ, ಎರಡು ತುಟಿ ಕಚ್ಚಿಕೊಂಡಂಥ ಬೆಸುಗೆ ಕಾಣುತ್ತದೆ. ಮೇಲಿನಿಂದ ಬಿಸಿ ಪ್ಲಾಸ್ಟಿಕ್ ಕೊಳವೆ ಇಳಿಯುತ್ತದೆ, ಡೈಯ ಎರಡು ಹೋಳು ಅದನ್ನು ಕಚ್ಚಿ ಹಿಡಿಯುತ್ತವೆ, ಒಳಗೆ ಗಾಳಿ ಊದಿದಾಗ ಅದು ಡೈಯ ಗೋಡೆಗೆ ಹೋಗಿ ಕೂರುತ್ತದೆ. ಕಚ್ಚಿದ ಗುರುತೇ ಆ ಗೆರೆ.

ಕುಡಿಯುವ ನೀರಿನ ಪೆಟ್ ಬಾಟಲಿಯ ತಳದಲ್ಲಿ ಗೆರೆ ಇಲ್ಲ, ನಡುವೆ ಒಂದು ಚುಕ್ಕೆ ಇದೆ. ಡ್ಯುಪಾಂಟ್ ಕಂಪನಿಯ ಎಂಜಿನಿಯರ್ ನಥಾನಿಯಲ್ ವೈಯೆತ್ 1973ರಲ್ಲಿ ಪೇಟೆಂಟ್ ಪಡೆದ ಈ ಬಾಟಲಿ ಎರಡು ಜನ್ಮದ್ದು. ಮೊದಲು ಇಂಜೆಕ್ಷನ್ ಡೈಯಲ್ಲಿ ಪ್ರಯೋಗಾಲಯದ ಗಾಜಿನ ನಳಿಕೆಯಂಥ ದಪ್ಪ ಗೋಡೆಯ ಪ್ರೀಫಾರ್ಮ್ ತಯಾರಾಗುತ್ತದೆ, ಕುತ್ತಿಗೆಯ ತಿರುಪು ಆಗಲೇ ಅಂತಿಮ ಅಳತೆಗೆ ಬಂದಿರುತ್ತದೆ. ಆಮೇಲೆ ಅದನ್ನು ಕಾಯಿಸಿ, ಕೋಲಿನಿಂದ ಉದ್ದಕ್ಕೆ ಎಳೆದು, ಭಾರಿ ಒತ್ತಡದ ಗಾಳಿ ಊದಿ ಬಾಟಲಿ ಮಾಡುತ್ತಾರೆ. ತಳದ ಚುಕ್ಕೆ ಪ್ರೀಫಾರ್ಮಿಗೆ ಪ್ಲಾಸ್ಟಿಕ್ ಹೊಕ್ಕ ಬಾಗಿಲು. ಹೊಸದಾಗಿ ಪಾನೀಯದ ವ್ಯಾಪಾರಕ್ಕೆ ಇಳಿಯುವವರಿಗೆ ಇದರಲ್ಲೊಂದು ಅನುಕೂಲವಿದೆ: ಪ್ರೀಫಾರ್ಮ್ ಮಾರುಕಟ್ಟೆಯಲ್ಲಿ ಸಿದ್ಧವಾಗಿ ಸಿಗುತ್ತದೆ, ನಿಮ್ಮ ಆಕಾರಕ್ಕೆ ಊದುವ ಡೈಯನ್ನಷ್ಟೇ ಮಾಡಿಸಿದರೆ ಸಾಕು. ಅದೂ ಸಾಮಾನ್ಯವಾಗಿ ಅಲ್ಯೂಮಿನಿಯಂನದು.

ಇನ್ನು ಥರ್ಮೋಫಾರ್ಮಿಂಗ್. ಪ್ಲಾಸ್ಟಿಕ್ ಹಾಳೆಯನ್ನು ಮೆತ್ತಗಾಗುವಷ್ಟು ಕಾಯಿಸಿ, ಸಣ್ಣ ಸಣ್ಣ ರಂಧ್ರಗಳಿರುವ ಡೈಯ ಮೇಲೆ ಹಾಸಿ, ಕೆಳಗಿನಿಂದ ಗಾಳಿ ಎಳೆದುಬಿಡುವುದು. ಡೈಗೆ ಒಂದೇ ಮೈ, ಎದುರು ಹೋಳಿನ ಗೊಡವೆ ಇಲ್ಲ. ಮದುವೆ ಊಟದ ತೆಳು ನೀರಿನ ಲೋಟ ಇದರ ಮಗು. ಕರ್ನಾಟಕ 2016ರಲ್ಲೇ ಅದನ್ನು ನಿಷೇಧಿಸಿತು, ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ದೇಶಕ್ಕೆಲ್ಲ ನಿಷೇಧ ತಂದಿತು. ಛತ್ರಗಳ ಹಿಂದಿನ ತಿಪ್ಪೆ ನೋಡಿದವರಿಗೆ ನಿಷೇಧ ಎಷ್ಟು ನಡೆದಿದೆ ಎಂದು ಹೇಳಬೇಕಿಲ್ಲ. ಆದರೆ ಇದೇ ವಿಧಾನ ಫ್ರಿಜ್ಜಿನ ಒಳಗಿನ ಬಿಳಿ ಗೋಡೆಯನ್ನೂ ಟ್ರಾಲಿ ಸೂಟ್‌ಕೇಸಿನ ಚಿಪ್ಪನ್ನೂ ಮಾಡುತ್ತದೆ. ಯಾವುದೋ ವೈದ್ಯಕೀಯ ಯಂತ್ರಕ್ಕೆ ವರ್ಷಕ್ಕೆ ಇನ್ನೂರು ದೊಡ್ಡ ಕವಚ ಬೇಕಿರುವ ಕಂಪನಿಗೆ ಇದಕ್ಕಿಂತ ಸೋವಿಯ ದಾರಿ ಸಿಗುವುದು ಕಷ್ಟ. ಹಾಳೆ ಹಿಗ್ಗಿದಲ್ಲಿ, ಅಂದರೆ ಆಳದ ಮೂಲೆಗಳಲ್ಲಿ, ಗೋಡೆ ತೆಳುವಾಗುತ್ತದೆ ಎಂಬುದೊಂದನ್ನು ನೆನಪಿಟ್ಟುಕೊಂಡು ಡಿಸೈನ್ ಮಾಡಬೇಕು.

ಕುಕ್ಕರಿನ ಕಪ್ಪು ಹಿಡಿಯದ್ದು ಹಳೆಯ ಮನೆತನ. ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಕಂಡುಹಿಡಿದ ಬೇಕಲೈಟ್ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಅದಕ್ಕೆ ಕಂಪ್ರೆಷನ್ ಡೈ: ಕಾದ ಡೈಯೊಳಗೆ ತೂಗಿದ ಪುಡಿ ಸುರಿದು, ಪ್ರೆಸ್ಸಿನಿಂದ ಅದುಮಿ ಹಿಡಿದು ಬೇಯಿಸುವುದು. ಬೇರೆಡೆ ಪ್ಲಾಸ್ಟಿಕ್ ಆರಲು ಕಾದರೆ ಇಲ್ಲಿ ಬೇಯಲು ಕಾಯಬೇಕು. ಅಂಚಿನಿಂದ ಹೊರಗೆ ನುಗ್ಗಿದ ಫ್ಲ್ಯಾಶನ್ನು ಆಮೇಲೆ ಅರದಿಂದ ಉಜ್ಜುತ್ತಾರೆ. ಶಾಖ, ವಿದ್ಯುತ್ತು ಎರಡನ್ನೂ ತಡೆಯಬೇಕಾದ ವಸ್ತುಗಳಿಗೆ, ಮನೆ ಮುಂದಿನ ಕರೆಂಟ್ ಮೀಟರ್ ಪೆಟ್ಟಿಗೆಯವರೆಗೂ, ಈ ವಿಧಾನ ಇನ್ನೂ ಜೀವಂತ. ನೀರಿನ ಬಾಟಲಿಯ ಮುಚ್ಚಳಗಳಲ್ಲೂ ಒಂದು ಪಾಲು ಕಂಪ್ರೆಷನ್ ಯಂತ್ರದಿಂದಲೇ ಬರುತ್ತದೆ. ಮುಚ್ಚಳದ ನೆತ್ತಿಯ ಮೇಲೆ ಮೊಳೆಯ ತುದಿಯಷ್ಟು ಚುಕ್ಕೆ ಇದ್ದರೆ ಅದು ಇಂಜೆಕ್ಷನ್. ಚುಕ್ಕೆಯೇ ಇಲ್ಲದಿದ್ದರೆ ಬಹುಮಟ್ಟಿಗೆ ಕಂಪ್ರೆಷನ್.

ಇಷ್ಟೆಲ್ಲ ಸೋಸಿದ ಮೇಲೂ ನಿಮ್ಮಲ್ಲಿ ಹೆಚ್ಚಿನವರು ಇಂಜೆಕ್ಷನ್ ಡೈಗೇ ಬಂದು ನಿಲ್ಲುತ್ತೀರಿ. ಚಿಕ್ಕ ವಸ್ತು, ನಿಖರ ಅಳತೆ, ಸಾವಿರಗಳ ಲೆಕ್ಕ ಇದ್ದಾಗ ಅದರ ಎದುರು ನಿಲ್ಲುವುದು ಬೇರೊಂದಿಲ್ಲ. ಅಮೆರಿಕದ ಜಾನ್ ವೆಸ್ಲಿ ಹಯಾಟ್ ತಮ್ಮ ಸಹೋದರ ಐಸೇಯನ ಜೊತೆ ಈ ವಿಧಾನದಲ್ಲಿ ಸೆಲ್ಯುಲಾಯ್ಡ್ ಎಂಬ ಪ್ಲಾಸ್ಟಿಕ್ ತುಂಬುವ ಯಂತ್ರಕ್ಕೆ 1872ರಲ್ಲಿ ಪೇಟೆಂಟ್ ಪಡೆದರು. 1946ರಲ್ಲಿ ಜೇಮ್ಸ್ ಹೆಂಡ್ರಿ ಸ್ಕ್ರೂ ಇರುವ ಯಂತ್ರ ಕಟ್ಟಿದ ಮೇಲೆ ಪ್ಲಾಸ್ಟಿಕ್ ಸಮನಾಗಿ ಕರಗಿ ಬೆರೆಯತೊಡಗಿತು. ಡೆನ್ಮಾರ್ಕಿನ ಬಿಲ್ಲುಂಡ್‌ನಲ್ಲಿ 1958ರಲ್ಲಿ ಒತ್ತಿದ ಲೆಗೊ ಇಟ್ಟಿಗೆ ಇವತ್ತಿನ ಇಟ್ಟಿಗೆಗೂ ಟಪ್ ಎಂದು ಕೂರುತ್ತದೆ ಎಂದರೆ ಆ ಡೈಗಳ ಅಳತೆ ಮಿಲಿಮೀಟರಿನ ನೂರನೇ ಒಂದು ಭಾಗವನ್ನೂ ಮೀರದಂತೆ ಇಟ್ಟುಕೊಂಡಿದ್ದಾರೆ ಎಂದು ಅರ್ಥ. ಜಾತ್ರೆ, ಸಭೆ, ಪೆಂಡಾಲಿನ ಪ್ಲಾಸ್ಟಿಕ್ ಕುರ್ಚಿ ಇನ್ನೊಂದು ತುದಿ: ಕಾಲು, ಕೈ, ಬೆನ್ನು ಎಲ್ಲ ಸೇರಿ ಒಂದೇ ಶಾಟ್, ಅಂದರೆ ಡೈ ಒಮ್ಮೆ ತುಂಬಿದರೆ ಮುಗಿಯಿತು. ಫ್ರಾನ್ಸಿನ ಆನ್ರಿ ಮಾಸೊನೆ 1972ರಲ್ಲಿ ಇಂಥ ಕುರ್ಚಿಯನ್ನು ಎರಡು ನಿಮಿಷದೊಳಗೆ ಒತ್ತಿ ತೆಗೆಯುವ ಹಂತಕ್ಕೆ ತಂದಿದ್ದರು.

ಈಗ ನಿಮ್ಮ ಡಬ್ಬಿಗೆ ಬರೋಣ. ರೈತರ ಬೋರ್‌ವೆಲ್ ಪಂಪಿಗೆ ಕೂರಿಸುವ ಮೊಬೈಲ್ ಸ್ಟಾರ್ಟರ್ ಎಂದಿಟ್ಟುಕೊಳ್ಳಿ. 150 ಮಿ.ಮೀ. ಉದ್ದ, 100 ಅಗಲ, 60 ಆಳ. ತಳ ಒಂದು, ಮುಚ್ಚಳ ಒಂದು. ಪಕ್ಕದ ಗೋಡೆಯಲ್ಲಿ ಕೇಬಲ್ ಬರಲು ತೂತು, ಒಳಗೆ ಬೋರ್ಡ್ ಕೂರಿಸಲು ನಾಲ್ಕು ಕಂಬ, ಮುಚ್ಚಳ ಕಚ್ಚಲು ಎರಡು ಕೊಕ್ಕೆ.

ಅತಿ ಸರಳವಾದದ್ದು ಟೂ-ಪ್ಲೇಟ್ ಡೈ. ಡಬ್ಬಿಯ ಹೊರಮೈ ಕೆತ್ತಿದ ಹೋಳು ಕ್ಯಾವಿಟಿ, ಒಳಮೈಯನ್ನು ತುಂಬುವ ಉಬ್ಬು ಹೋಳು ಕೋರ್. ಯಂತ್ರದ ಮೂತಿಯಿಂದ ಪ್ಲಾಸ್ಟಿಕ್ ಸ್ಪ್ರೂ ಎಂಬ ಕಂಡಿಯಲ್ಲಿ ಇಳಿದು, ರನ್ನರಿನಲ್ಲಿ ಹರಿದು, ಗೇಟ್ ದಾಟಿ ಒಳಗೆ ತುಂಬುತ್ತದೆ. ಆರಿದ ಮೇಲೆ ಡೈ ತೆರೆದು, ಎಜೆಕ್ಟರ್ ಪಿನ್ನುಗಳು ಪೀಸನ್ನು ಕೋರಿನಿಂದ ತಳ್ಳುತ್ತವೆ. ಯಾವುದೇ ಪ್ಲಾಸ್ಟಿಕ್ ಡಬ್ಬಿಯ ಒಳಗಡೆ ಕಾಣುವ ದುಂಡನೆಯ ಗುರುತುಗಳು ಈ ಪಿನ್ನುಗಳದ್ದೇ. ಕೆಲವುಗಳಲ್ಲಿ ನಾಣ್ಯಕ್ಕಿಂತ ಚಿಕ್ಕ ಗಡಿಯಾರದಂಥ ಮುದ್ರೆಯೂ ಇರುತ್ತದೆ: ಸುತ್ತ 1ರಿಂದ 12, ನಡುವೆ ಇಸವಿ, ಒಂದು ಬಾಣ. ಆ ಪೀಸ್ ಯಾವ ತಿಂಗಳು ಒತ್ತಿದ್ದು ಎಂದು ತಿಳಿಸುವ ತಿರುಗುವ ಇನ್ಸರ್ಟ್ ಅದು. ನಿಮ್ಮ ಡೈಯಲ್ಲೂ ಒಂದು ಹಾಕಿಸಿಕೊಳ್ಳಿ. ಊರಿಂದ ದೂರು ಬಂದಾಗ ಯಾವ ಲಾಟಿನದು ಎಂದು ಹುಡುಕುವ ತಲೆನೋವು ತಪ್ಪುತ್ತದೆ.

ಡಬ್ಬಿ ಕೋರಿನ ಮೇಲೆ ಕಚ್ಚಿಕೊಂಡು ಆರುತ್ತದೆ, ಆರುತ್ತಾ ಬಿಗಿಯಾಗುತ್ತದೆ. ಗೋಡೆ ನೆಟ್ಟಗಿದ್ದರೆ ಪಿನ್ನುಗಳು ತಳ್ಳಿದಾಗ ಮೈ ಗೀರುತ್ತದೆ, ಇಲ್ಲವೇ ಪಿನ್ನೇ ತೂರಿಕೊಂಡು ಹೋಗುತ್ತದೆ. ಹಾಗಾಗಿ ಗೋಡೆಗೆ ಸ್ವಲ್ಪ ಇಳಿಜಾರು ಬೇಕು, ಅದೇ ಡ್ರಾಫ್ಟ್. ಸಾಮಾನ್ಯವಾಗಿ ಒಂದು ಡಿಗ್ರಿ. ಒಂದು ಡಿಗ್ರಿಯಲ್ಲಿ ಏನಿದೆ ಎನ್ನಬೇಡಿ. 60 ಮಿ.ಮೀ. ಆಳಕ್ಕೆ ಪ್ರತಿ ಗೋಡೆ ತಳದಲ್ಲಿ ಒಂದು ಮಿಲಿಮೀಟರ್ ಒಳಕ್ಕೆ ಬರುತ್ತದೆ, ಎರಡೂ ಕಡೆ ಸೇರಿ ಎರಡು. ಡಬ್ಬಿಯ ಬಾಯಿಯ ಅಳತೆ ಹಿಡಿದು ಬೋರ್ಡ್ ಮಾಡಿಸಿದವರಿಗೆ ಅದು ತಳಕ್ಕೆ ಇಳಿಯದೆ ನಡುವೆಯೇ ಸಿಕ್ಕಿಕೊಳ್ಳುವುದು ಇಲ್ಲಿಯೇ. ಹೊರಮೈಗೆ ಚರ್ಮದಂಥ ಟೆಕ್ಸ್ಚರ್ ಬೇಕೆಂದರೆ ಇಳಿಜಾರು ಇನ್ನೂ ಹೆಚ್ಚಬೇಕು. ಟೆಕ್ಸ್ಚರಿನ ಪ್ರತಿ 0.025 ಮಿ.ಮೀ. ಆಳಕ್ಕೆ ಒಂದೂವರೆ ಡಿಗ್ರಿ ಕೂಡಿಸುವುದು ರೂಢಿ.

ಪಕ್ಕದ ಗೋಡೆಯ ತೂತು ದೊಡ್ಡ ಪೇಚು. ಡೈ ಮುಂದಕ್ಕೂ ಹಿಂದಕ್ಕೂ ತೆರೆಯುತ್ತದೆ, ತೂತು ಅಡ್ಡಕ್ಕಿದೆ. ಅದನ್ನು ಮಾಡುವ ಉಕ್ಕು ಪಕ್ಕಕ್ಕೆ ಸರಿಯದ ಹೊರತು ಪೀಸ್ ಹೊರಬರದು. ಇದಕ್ಕೆ ಸ್ಲೈಡರ್ ಅಥವಾ ಸೈಡ್ ಕೋರ್ ಇರುವ ಡೈ ಬೇಕು: ಡೈ ತೆರೆಯುವಾಗ ಓರೆಯಾಗಿ ನಿಂತ ಪಿನ್ ಒಂದು ಆ ಉಕ್ಕಿನ ತುಂಡನ್ನು ಪಕ್ಕಕ್ಕೆ ಎಳೆಯುತ್ತದೆ. ಕೆಲಸವೇನೋ ಆಗುತ್ತದೆ, ಆದರೆ ಡೈ ಅಗಲವಾಗುತ್ತದೆ, ಬೆಲೆ ಏರುತ್ತದೆ, ಸವೆಯಲು ಇನ್ನೊಂದು ಜಾಗ ಹುಟ್ಟುತ್ತದೆ. ಅನುಭವಿ ಡೈ ಮೇಕರ್ ಕೊಡುವ ಸಲಹೆ ಬೇರೆ. ತೂತಿನ ಅರ್ಧವನ್ನು ತಳದ ಅಂಚಿಗೆ, ಅರ್ಧವನ್ನು ಮುಚ್ಚಳದ ಅಂಚಿಗೆ ಹಾಕಿ. ಎರಡೂ ತೆರೆದ ಖಾಚುಗಳಾಗುತ್ತವೆ, ಸ್ಲೈಡರೇ ಬೇಡ, ನಡುವೆ ರಬ್ಬರ್ ಗ್ರೋಮೆಟ್ ಕೂರಿಸಿದರೆ ನೀರೂ ಒಳಬರದು. ಡ್ರಾಯಿಂಗಿನಲ್ಲಿ ಹತ್ತು ನಿಮಿಷದ ತಿದ್ದುಪಡಿ. ಉಕ್ಕು ಕೊರೆದ ಮೇಲೆ ಈ ಬುದ್ಧಿ ಹೊಳೆದರೆ ಡೈಯ ಒಂದು ಭಾಗವೇ ಹೊಸದಾಗಿ ಆಗಬೇಕು.

ಕೊಕ್ಕೆಗಳದ್ದೂ ಇದೇ ಕಥೆ. ಟಿವಿ ರಿಮೋಟಿನ ಬ್ಯಾಟರಿ ಮುಚ್ಚಳ ಕಚ್ಚುವ ರೀತಿ ಚಂದ ಎಂದು ಎಲ್ಲರಿಗೂ ಅದೇ ಬೇಕು. ಕೊಕ್ಕೆಯ ಅಡಿಯ ಖಾಲಿ ಜಾಗ ಮಾಡಲು ಎರಡು ದಾರಿ. ಒಂದು, ಕೊಕ್ಕೆಯ ನೇರಕ್ಕೆ ತಳದಲ್ಲಿ ಒಂದು ಚೌಕ ಕಿಂಡಿ ಬಿಟ್ಟು ಎದುರು ಹೋಳಿನ ಉಕ್ಕು ಅದರೊಳಗಿಂದ ಬರುವಂತೆ ಮಾಡುವುದು. ರಿಮೋಟಿಗೆ ಸರಿ, ತೋಟದ ಪಂಪ್‌ಹೌಸಿನಲ್ಲಿ ತೂಗುಹಾಕುವ ಡಬ್ಬಿಗೆ ಇರುವೆ, ಹಲ್ಲಿ, ಮಳೆನೀರು ಮೂರಕ್ಕೂ ಆಮಂತ್ರಣ. ಇನ್ನೊಂದು, ಲಿಫ್ಟರ್: ಪೀಸ್ ಹೊರಬರುತ್ತಿದ್ದಂತೆ ಓರೆಯಾಗಿ ಸರಿದು ಕೊಕ್ಕೆಯನ್ನು ಬಿಡುವ ಉಕ್ಕಿನ ಕಡ್ಡಿ. ಅದಕ್ಕೆ ಮತ್ತೆ ಖರ್ಚು. ನಾಲ್ಕು ಸ್ಕ್ರೂ ಹಾಕಿಬಿಡಿ. ಹಳ್ಳಿಯ ಎಲೆಕ್ಟ್ರಿಷಿಯನ್‌ಗೂ ಬಿಚ್ಚಲು ಅದೇ ಸುಲಭ, ಮುರಿಯುವ ಕೊಕ್ಕೆಗಿಂತ ಅದೇ ವಾಸಿ.

ಸ್ಕ್ರೂ ಕೂರಲು ಹಿತ್ತಾಳೆಯ ನಟ್ ಬೇಕೆ? ಡೈಯೊಳಗೆ ಮೊದಲೇ ಲೋಹ ಇಟ್ಟು ಅದರ ಸುತ್ತ ಪ್ಲಾಸ್ಟಿಕ್ ತುಂಬಿಸುವುದು ಇನ್ಸರ್ಟ್ ಮೋಲ್ಡಿಂಗ್. ಮೂರು ಪಿನ್ನಿನ ಪ್ಲಗ್, ಸ್ಕ್ರೂಡ್ರೈವರ್ ಹಿಡಿ ಹುಟ್ಟುವುದು ಹೀಗೆ. ಪ್ರತಿ ಶಾಟಿಗೂ ಯಾರಾದರೂ ಬಿಸಿ ಡೈಯೊಳಗೆ ಕೈ ಹಾಕಿ ನಟ್ ಇಡಬೇಕು, ಒಂದು ಜಾರಿ ಬಿದ್ದರೂ ಡೈ ಮುಚ್ಚುವಾಗ ಕ್ಯಾವಿಟಿಗೆ ಗಾಯ. ಐದು ಸಾವಿರ ಪೀಸಿನ ವ್ಯವಹಾರಕ್ಕೆ ಆಮೇಲೆ ಬಿಸಿ ಮಾಡಿ ಒತ್ತುವ ನಟ್ ಸಾಕು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯಲ್ಲಿ ಗಟ್ಟಿ ಪ್ಲಾಸ್ಟಿಕ್‌ನ ಮೇಲೆ ಮೆತ್ತನೆಯ ರಬ್ಬರಿನಂಥದ್ದು ಕೂತಿರುತ್ತದಲ್ಲ, ಅದು ಓವರ್‌ಮೋಲ್ಡಿಂಗ್. ಎರಡು ಶಾಟಿನ ಡೈ, ಬಹಳ ಸಲ ಎರಡು ಬ್ಯಾರೆಲ್ಲಿನ ಯಂತ್ರ. ಮೊದಲ ಉತ್ಪನ್ನಕ್ಕೆ ಅದರ ತಂಟೆ ಬೇಡ.

ತಳ, ಮುಚ್ಚಳ ಎರಡನ್ನೂ ಒಂದೇ ಡೈಯಲ್ಲಿ ಪಕ್ಕಪಕ್ಕ ಕೊರೆದರೆ ಫ್ಯಾಮಿಲಿ ಮೋಲ್ಡ್. ಒಂದೇ ಪೀಸಿನ ಹಲವು ಕ್ಯಾವಿಟಿ ಇದ್ದರೆ ಮಲ್ಟಿ ಕ್ಯಾವಿಟಿ, ನಮ್ಮ ಪಡ್ಡಿನ ಹೆಂಚಿನ ಹಾಗೆ. ಫ್ಯಾಮಿಲಿ ಡೈ ಅಗ್ಗ, ಬಣ್ಣವೂ ಎರಡಕ್ಕೂ ಒಂದೇ ಬರುತ್ತದೆ. ಆದರೆ ಚಿಕ್ಕದು ಬೇಗ ತುಂಬಿ, ದೊಡ್ಡದು ತುಂಬುವಷ್ಟರಲ್ಲಿ ಚಿಕ್ಕದರ ಅಂಚಿನಿಂದ ಫ್ಲ್ಯಾಶ್ ಹೊರಬರುವುದುಂಟು. ಮುಚ್ಚಳ ಒಡೆದು ಬರೀ ಮುಚ್ಚಳ ಬೇಕಾದಾಗಲೂ ತಳ ಜೊತೆಗೇ ಬರುತ್ತದೆ, ಒಂದು ಗೇಟನ್ನು ಮುಚ್ಚುವ ಏರ್ಪಾಡು ಮೊದಲೇ ಮಾಡಿಸಿಕೊಳ್ಳದಿದ್ದರೆ. ಯಂತ್ರದ ಗಾತ್ರವೂ ಇಲ್ಲೇ ತೀರ್ಮಾನ. ಯಂತ್ರದ ಕಡೆಯಿಂದ ಕಾಣುವ ಮೈಯ ಪ್ರತಿ ಚದರ ಸೆಂಟಿಮೀಟರಿಗೆ 0.3ರಿಂದ 0.5 ಟನ್ ಅದುಮುವ ಶಕ್ತಿ ಬೇಕೆಂಬುದು ಅಂದಾಜು. ತಳ 150 ಚದರ ಸೆಂ.ಮೀ., ಮುಚ್ಚಳ ಅಷ್ಟೇ: ಒಟ್ಟು 300. ಅಂದರೆ 90ರಿಂದ 150 ಟನ್ನಿನ ಯಂತ್ರ. ನಿಮಗೆ ಒತ್ತಿಕೊಡುವವರ ಬಳಿ 80 ಟನ್ನಿನದ್ದಷ್ಟೇ ಇದ್ದರೆ ಫ್ಯಾಮಿಲಿ ಡೈ ಮಾಡಿಸಿ ಉಪಯೋಗವಿಲ್ಲ.

ಗೇಟಿನ ವಿಷಯಕ್ಕೆ ಬಂದರೆ, ಟೂ-ಪ್ಲೇಟ್ ಡೈಯಲ್ಲಿ ಗೇಟ್ ಸಾಮಾನ್ಯವಾಗಿ ಪಕ್ಕದ ಅಂಚಿನಲ್ಲಿರುತ್ತದೆ, ರನ್ನರ್ ಪೀಸಿಗೆ ಅಂಟಿಕೊಂಡೇ ಬರುತ್ತದೆ. ಯಂತ್ರದ ಪಕ್ಕ ಸ್ಟೂಲಿನ ಮೇಲೆ ಕೂತ ಹೆಣ್ಣುಮಕ್ಕಳು ಕಟ್ಟರ್ ಹಿಡಿದು ದಿನವಿಡೀ ಕಟ್ ಕಟ್ ಎಂದು ಕತ್ತರಿಸುವುದು ಅದನ್ನೇ. ಥ್ರೀ-ಪ್ಲೇಟ್ ಡೈ ಎರಡು ಕಡೆ ತೆರೆದುಕೊಳ್ಳುತ್ತದೆ. ಗೇಟನ್ನು ಪೀಸಿನ ನಡುಮೈಗೆ ಕೊಡಬಹುದು, ರನ್ನರ್ ತಾನಾಗಿಯೇ ಕಿತ್ತುಕೊಂಡು ಬೇರೆ ಬೀಳುತ್ತದೆ. ಹಾಟ್ ರನ್ನರ್ ಡೈಯಲ್ಲಿ ರನ್ನರಿನ ದಾರಿಯನ್ನೇ ಹೀಟರುಗಳಿಂದ ಬಿಸಿಯಾಗಿಟ್ಟು ಪ್ಲಾಸ್ಟಿಕ್ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತಾರೆ. ವ್ಯರ್ಥವಿಲ್ಲ, ವೇಗ ಹೆಚ್ಚು, ಬೆಲೆ ಬಹಳ ಹೆಚ್ಚು, ಮತ್ತು ಕೆಂಪಿನಿಂದ ಬಿಳಿಗೆ ಬಣ್ಣ ಬದಲಿಸುವಾಗ ಹಳೆಯ ಕೆಂಪು ಸಾಕಷ್ಟು ಹೊತ್ತು ಇಣುಕುತ್ತಿರುತ್ತದೆ. ಪೆನ್ನಿನ ಕ್ಯಾಪು, ಸಿರಿಂಜು, ಬಾಟಲಿ ಮುಚ್ಚಳಗಳಂಥ ಕೋಟಿಗಳ ವ್ಯವಹಾರಕ್ಕೆ ಅದು ಸರಿ. ಹೂಡಿಕೆದಾರರ ಹಣ ಬಂದಿದೆ ಎಂದು ಮೊದಲ ಡೈಗೇ ಹಾಟ್ ರನ್ನರ್ ಹಾಕಿಸುವುದು ಶೋಕಿ.

ಮೆಟೀರಿಯಲ್ ಬದಲಾಯಿಸುವ ಚಟವೂ ಹಾಗೆಯೇ. ಎಬಿಎಸ್ ಪ್ಲಾಸ್ಟಿಕ್ ಆರುವಾಗ ಶೇ 0.5ರಷ್ಟು ಕುಗ್ಗುತ್ತದೆ, ಪಾಲಿಪ್ರೊಪಿಲೀನ್ ಶೇ 1.5 ಅಥವಾ ಇನ್ನೂ ಹೆಚ್ಚು. 150 ಮಿ.ಮೀ. ಡಬ್ಬಿಗಾಗಿ ಎಬಿಎಸ್ ಲೆಕ್ಕದಲ್ಲಿ ಡೈ 150.75ಕ್ಕೆ ಕೊರೆದಿರುತ್ತಾರೆ. ಕೆಜಿಗೆ ನಾಲ್ಕು ಕಾಸು ಉಳಿಯುತ್ತದೆ ಎಂದು ಅದೇ ಡೈಯಲ್ಲಿ ಪಾಲಿಪ್ರೊಪಿಲೀನ್ ಒತ್ತಿದರೆ ಡಬ್ಬಿ ಒಂದೂವರೆ ಮಿಲಿಮೀಟರ್ ಕಿರಿದಾಗಿ ಬರುತ್ತದೆ, ಸಾಲದ್ದಕ್ಕೆ ಸೊಟ್ಟಗಾಗುತ್ತದೆ. ಗಟ್ಟಿಮುಟ್ಟಾಗಿರಲಿ ಎಂದು ಗೋಡೆ ದಪ್ಪ ಮಾಡುವವರು ಇನ್ನೊಂದು ಲೆಕ್ಕ ನೋಡಬೇಕು: ದಪ್ಪ ಎರಡು ಪಟ್ಟಾದರೆ ಆರುವ ಹೊತ್ತು ನಾಲ್ಕು ಪಟ್ಟು. ಯಂತ್ರದ ಬಾಡಿಗೆ ಗಂಟೆ ಲೆಕ್ಕದಲ್ಲಿ. ಎರಡೂವರೆ ಮಿಲಿಮೀಟರ್ ಗೋಡೆ ಇಟ್ಟು ಒಳಗೆ ರಿಬ್ ಕೊಡಿ, ರಿಬ್ಬಿನ ದಪ್ಪ ಗೋಡೆಯ ಅರ್ಧಕ್ಕಿಂತ ತುಸು ಹೆಚ್ಚಿರಲಿ, ಅದಕ್ಕೂ ಮೀರಿದರೆ ಹೊರಮೈಯಲ್ಲಿ ಸಿಂಕ್ ಮಾರ್ಕ್ ಬಿದ್ದು ಹಳ್ಳ ಕಾಣುತ್ತದೆ.

ಉಕ್ಕಿನ ಆಯ್ಕೆಗೆ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರ ಹಳೆಯ ವರ್ಗೀಕರಣ ಕೈಮರ. 105ನೇ ವರ್ಗದ ಡೈ ಬರೀ ಮಾದರಿಗೆ, 500 ಶಾಟಿನವರೆಗೆ. 104 ಒಂದು ಲಕ್ಷದೊಳಗೆ, 103 ಐದು ಲಕ್ಷದವರೆಗೆ, 101 ಹತ್ತು ಲಕ್ಷ ದಾಟಿ. ಎಬಿಎಸ್ ಡಬ್ಬಿ ಒಂದೆರಡು ಲಕ್ಷ ಸಾಕೆನ್ನುವವರಿಗೆ ಪಿ20 ಉಕ್ಕು ಧಾರಾಳ. ಗಾಜಿನ ನಾರು ಬೆರೆತ ನೈಲಾನ್ ಒತ್ತುವುದಾದರೆ ಅದು ಗೇಟನ್ನು ಅರದ ಹಾಗೆ ತಿನ್ನುತ್ತದೆ, ಹದ ಮಾಡಿದ ಎಚ್13 ಬೇಕು. ಪಿವಿಸಿ ಕಾದಾಗ ಆಮ್ಲ ಬಿಡುತ್ತದೆ, ಅದಕ್ಕೆ ಸ್ಟೇನ್‌ಲೆಸ್.

ಆರ್ಡರ್ ಇನ್ನೂ ಕೈಗೆ ಬಂದಿಲ್ಲ, ಇಪ್ಪತ್ತು ಪೀಸ್ ಮಾತ್ರ ಹಳ್ಳಿಗಳಲ್ಲಿ ಪರೀಕ್ಷೆಗೆ ಬೇಕು ಎನ್ನುವವರು ಉಕ್ಕನ್ನು ಮುಟ್ಟಬಾರದು. ಒಂದು ಚೆಂದದ ಮಾದರಿ ಮಾಡಿ ಅದರ ಸುತ್ತ ಸಿಲಿಕೋನ್ ಸುರಿದು ಮಾಡಿದ ಮೆತ್ತನೆಯ ಅಚ್ಚಿನಲ್ಲಿ ಪಾಲಿಯುರಿಥೇನ್ ಹೊಯ್ದರೆ ಒಂದು ಅಚ್ಚಿಗೆ ಇಪ್ಪತ್ತರ ಆಸುಪಾಸು ಪೀಸ್ ಬರುತ್ತವೆ. ಕೊಕ್ಕೆಯಿದ್ದರೂ ಅಚ್ಚು ಬಾಗಿ ಬಿಟ್ಟುಕೊಡುತ್ತದೆ. ಎರಡು ಮೂರು ಸಾವಿರ ಬೇಕೆಂದರೆ ಅಲ್ಯೂಮಿನಿಯಂ ಡೈ.

ಎಲ್ಲಿ ಮಾಡಿಸಬೇಕು? ಚೀನಾದಲ್ಲಿ ಅಗ್ಗ ಎಂದು ಗುವಾಂಗ್‌ಡಾಂಗಿಗೆ ಫೈಲ್ ಕಳಿಸುವವರು ಬಹಳ. ಡೈ ಚೆನ್ನಾಗಿಯೇ ಬರುತ್ತದೆ. ತೊಂದರೆ ಬರುವುದು ಆರು ತಿಂಗಳ ಮೇಲೆ ಒಂದು ಪಿನ್ ಮುರಿದಾಗ, ಒಂದು ಕಂಬದ ಎತ್ತರ ಅರ್ಧ ಮಿಲಿಮೀಟರ್ ಬದಲಿಸಬೇಕಾದಾಗ. ಟೂಲ್‌ರೂಮಿನ ಪಕ್ಕ ನಿಂತು ಮಾತಾಡಬಹುದಾದ ಊರು ನಿಮ್ಮದು. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಈಗ ರಾಜ್ಯದ ಹಲವು ಊರುಗಳಲ್ಲಿದೆ. ತರಬೇತಿ ಜೊತೆಗೆ ಹೊರಗಿನವರಿಗೆ ಡೈಯನ್ನೂ ಮಾಡಿಕೊಡುತ್ತದೆ. ತಲಶ್ಶೇರಿ ಬಳಿಯ ನೆಟ್ಟೂರಿನಲ್ಲಿ 1959ರಲ್ಲಿ ಹುಟ್ಟಿ ಪೀಣ್ಯದಲ್ಲಿ ನೆಲೆನಿಂತ ತಾಂತ್ರಿಕ ತರಬೇತಿ ಸಂಸ್ಥೆ ಎನ್‌ಟಿಟಿಎಫ್‌ನಲ್ಲಿ ಕಲಿತವರು ಬೆಂಗಳೂರಿನ ಟೂಲ್‌ರೂಮುಗಳಲ್ಲೆಲ್ಲ ಸಿಗುತ್ತಾರೆ. ಮೆಟೀರಿಯಲ್ ಪರೀಕ್ಷೆಗೆ ಪ್ಲಾಸ್ಟಿಕ್ ತಂತ್ರಜ್ಞಾನದ ಕೇಂದ್ರ ಸಂಸ್ಥೆಯಾದ ಮೈಸೂರಿನ ಸಿಪೆಟ್ ಇದೆ. ಇಷ್ಟು ಕೈಯಳತೆಯಲ್ಲಿಟ್ಟುಕೊಂಡು ವಾಟ್ಸ್‌ಆ್ಯಪಿನಲ್ಲಿ ದೂರದ ಊರಿಗೆ ಫೋಟೊ ಕಳಿಸಿ ಕೂರುವುದೇಕೆ?

ಒಪ್ಪಂದದಲ್ಲಿ ಡೈ ನಿಮ್ಮ ಆಸ್ತಿ ಎಂದು ಬರೆಸಿ, ಕ್ಯಾಡ್ ಫೈಲು, ಉಕ್ಕಿನ ಸರ್ಟಿಫಿಕೇಟು, ಪಿನ್ನುಗಳ ಅಳತೆಯ ಪಟ್ಟಿ ಕೈಗೆ ಪಡೆದು ಕಡೆಯ ಕಂತು ಕೊಡಿ. ಟಿ1 ಎಂಬ ಮೊದಲ ಟ್ರಯಲ್ಲಿಗೆ ಖುದ್ದಾಗಿ ಹೋಗಿ. ಅದು ಮುಂದೆ ನಿಜವಾಗಿ ಒತ್ತುವ ಯಂತ್ರದಷ್ಟೇ ಟನ್ನಿನದರ ಮೇಲೆ, ನಿಮ್ಮದೇ ಗ್ರೇಡಿನ ಮೆಟೀರಿಯಲ್ಲಿನಲ್ಲಿ ನಡೆಯಲಿ. ಮೊದಲು ಬೇಕೆಂದೇ ಅರ್ಧಂಬರ್ಧ ತುಂಬಿದ ಶಾರ್ಟ್ ಶಾಟ್‌ಗಳನ್ನು ತೆಗೆಸಿ ಸಾಲಾಗಿ ಜೋಡಿಸಿದರೆ ಪ್ಲಾಸ್ಟಿಕ್ ಎಲ್ಲಿಂದ ಎಲ್ಲಿಗೆ ಹರಿಯಿತು, ಎರಡು ಹರಿವು ಎಲ್ಲಿ ಕೂಡಿ ವೆಲ್ಡ್ ಲೈನ್ ಬಿತ್ತು ಎಂದು ಕಣ್ಣಿಗೇ ಕಾಣುತ್ತದೆ. ಆ ಗೆರೆ ಸ್ಕ್ರೂ ಕಂಬದ ಮೇಲೆ ಬಿದ್ದಿದ್ದರೆ ಅಲ್ಲೇ ಸೀಳುತ್ತದೆ. ಗೇಟಿನ ಜಾಗ ಬದಲಿಸಿ ಎಂದು ಕೇಳುವ ಹಕ್ಕು ನಿಮಗಿರುವುದು ಆ ಹೊತ್ತಿನಲ್ಲೇ.

ಒತ್ತುವ ಕೆಲಸ ಶುರುವಾದ ಮೇಲೆ ನೀರಿನ ಮೇಲೆ ಕಣ್ಣಿಡಿ. ಡೈಯೊಳಗಿನ ಕೂಲಿಂಗ್ ಕಂಡಿಗಳಲ್ಲಿ ನಮ್ಮ ಬೋರ್‌ವೆಲ್ಲಿನ ಗಡಸು ನೀರು ಹರಿದರೆ ಸುಣ್ಣ ಕಟ್ಟಿ, ಮೂವತ್ತು ಸೆಕೆಂಡಿನ ಸೈಕಲ್ ಸದ್ದಿಲ್ಲದೆ ನಲವತ್ತಕ್ಕೆ ಏರುತ್ತದೆ. ಮೆದುನೀರು ಮಾಡಿ ಬಿಡುತ್ತಾರೆಯೇ ಎಂದು ಒತ್ತುವವರನ್ನು ಕೇಳಿ. ಲಾಟ್ ಮುಗಿದು ಡೈ ಇಳಿಸುವಾಗ ಕಂಡಿಗಳ ನೀರನ್ನು ಗಾಳಿ ಊದಿ ತೆಗೆಸಿ, ತುಕ್ಕು ತಡೆಯುವ ಸ್ಪ್ರೇ ಹೊಡೆಸಿ. ಕಡೆಯ ಶಾಟಿನ ಪೀಸನ್ನು ರನ್ನರ್ ಸಮೇತ ಡೈಗೇ ಕಟ್ಟಿಡಲು ಹೇಳಿ. ಮುಂದಿನ ಸಲ ಡೈ ಏರಿಸುವ ಫಿಟ್ಟರ್ ಮೊದಲು ನೋಡುವುದು ಅದನ್ನೇ.